ಬಾಗಿಲ ಹಿಂದೆ ಅಡಗಿದವರಿಗೆ

ನಾನು ಜಲಜಾಕ್ಷಿ, ವಿಮೆ ಏಜೆಂಟು.
ಇಪ್ಪತ್ತೆರಡು ವರ್ಷದಿಂದ ಶಿವಮೊಗ್ಗದ ಮನೆ ಮನೆಗೆ ಹೋಗಿ
ಸಾವಿನ ಮಾತೆತ್ತಿ, ಕಾಫಿ ಕುಡಿದು ಬಂದವಳು.

ಡಿಸೆಂಬರ್ ಮೂವತ್ತೊಂದು, ಸಂಜೆ ಐದು.
ಸ್ಕೂಟಿಯಲ್ಲಿ ಕಾಲಿಡುವ ಜಾಗದಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರು.
ಕಂಪನಿ ಕೊಟ್ಟಿದ್ದು ಅರವತ್ತು,
ಕೇಳುವವರು ಮುನ್ನೂರು,
ಅದರಲ್ಲಿ ಪಾಲಿಸಿ ಮಾಡಿಸಿದವರು ನೂರಾ ಹತ್ತು.
ಉಳಿದವರಿಗೆ ಬರೀ ಹಾರೈಕೆ.
ಇದಕ್ಕೆ ಮೊಳೆ ಬೇಡ, ಓನರು ಬೈಯುವುದಿಲ್ಲ.

ನೂರು ವರ್ಷ ಬಾಳಿ.
ಎಲ್ಲರೂ ಹೇಳುತ್ತಾರೆ, ನಿಜ. ಆದರೆ
ನನ್ನಷ್ಟು ಮನಸಾರೆ ಯಾರೂ ಹೇಳಲಾರರು:
ನೀವಿದ್ದರೆ ಕಂತು, ಕಂತಿದ್ದರೆ ಕಮಿಷನ್ನು.
ಇಷ್ಟು ಚೊಕ್ಕ ಪ್ರೀತಿ
ಗೋಪಿ ಸರ್ಕಲ್ಲಿನಿಂದ ಹೊಳೆ ಸೇತುವೆ ತನಕ ಹುಡುಕಿದರೂ ಸಿಗದು.

ಡ್ರಿಲ್ ಮಾಸ್ತರ್ ವರ್ಗೀಸರೇ,
ಈ ವರ್ಷ ನಿಮ್ಮ ಮಂಡಿ ನಿಮ್ಮ ಮಾತು ಕೇಳಲಿ.
ಮೂವತ್ತು ವರ್ಷ ಮಕ್ಕಳಿಗೆ ಕೂಗಿದ 'ವಿಶ್ರಾಮ್'
ಈಗ ನಿಮ್ಮ ಪಾಲಿಗೆ ಬಂದಿದೆ, ಬೇಜಾರಾಗದಿರಲಿ.

ಬೇಕರಿ ಹಫೀಜ್ ಸಾಹೇಬರೇ,
ಹೋದ ವರ್ಷ ನನ್ನ ಕೇಕಿನ ಮೇಲೆ
ಹಳೇ ಇಸವಿಯನ್ನೇ ಬರೆದುಕೊಟ್ಟಿರಿ.
ಒಂದು ವರ್ಷ ಚಿಕ್ಕವಳಾದೆ.
ಅದೇ ತಪ್ಪು ಮತ್ತೆ ಆಗಲಿ.

ಪಾರ್ಲರಿನ ಸುಗುಣಾ,
ಒಂದು ಹುಬ್ಬು ಮುಗಿದು ಇನ್ನೊಂದು ಉಳಿದಿರುವಾಗ
ಕರೆಂಟು ಹೋಗದಿರಲಿ.

"ನಮ್ಮ ಹೊಸ ವರ್ಷ ಯುಗಾದಿಗಲ್ಲವೇನ್ರೀ?"
ಅಹುದು, ಶೇಷಗಿರಿ ಭಟ್ಟರೇ, ನೂರಕ್ಕೆ ನೂರು.
ಆದರೂ ಕ್ಯಾಲೆಂಡರಿಗೆ ಮೊದಲು ಕೈ ಚಾಚಿದ್ದು ತಾವೇ.

ಇನ್ನು ಇಡೀ ಊರಿಗೆ:
ಅಗೆದ ರಸ್ತೆ ಮುಚ್ಚಲಿ,
ಮುಚ್ಚಿದ ಮಾರನೇ ದಿನ ಪೈಪು ಮರೆತದ್ದು ನೆನಪಾಗದಿರಲಿ.
ನಲ್ಲಿ ನೀರು ಬೆಳಗಿನ ಜಾವ ನಾಲ್ಕೂವರೆಗೆ ಬರುವ ಚಾಳಿ ಬಿಡಲಿ.
ಗ್ಯಾಸು ಮುಗಿಯಲಿ, ಮುಗಿಯಲೇಬೇಕಲ್ಲ,
ನೆಂಟರು ಬಸ್ಸು ಹತ್ತಿದ ಮೇಲೆ ಮುಗಿಯಲಿ.
ನಾಳೆಯಿಂದ ವಾಕಿಂಗು ಎಂದವರು
ಸಂಕ್ರಾಂತಿ ತನಕವಾದರೂ ನಡೆಯಲಿ.

ಕೊನೆಗೆ ಹೊಸಮನೆ, ಮೂರನೇ ತಿರುವು,
ಬ್ಯಾಂಡ್‌ಸೆಟ್ಟಿನ ಚೌಡಪ್ಪನ ಮನೆ.
ಟ್ರಂಪೆಟ್ ಊದುವವನು. ನನ್ನ ಹಾರನ್ ಕೇಳಿದರೆ ಸಾಕು
ಹಿತ್ತಲಿಗೆ ಓಡುತ್ತಿದ್ದ.
ಮಗಳು ರೇಣುಕಾ ಬಾಗಿಲಿಗೆ ಬಂದು
"ಅಪ್ಪ ಭದ್ರಾವತಿಗೆ ಹೋಗಿದಾರೆ" ಎನ್ನುತ್ತಿದ್ದಳು.
ಹಿತ್ತಲಿನಿಂದ ಕೆಮ್ಮು ಕೇಳುತ್ತಿತ್ತು.

ಆಗಸ್ಟಿನಲ್ಲಿ ಹೋದೆ, ಹಾರನ್ ಮಾಡಲಿಲ್ಲ.
ಗಂಗಮ್ಮ ತೋರಿಸಿದ ಕಡೆಯೆಲ್ಲ ಸಹಿ ಮಾಡಿದಳು.
ಆಮೇಲೆ ಚೆಕ್ಕು ಬಂತು, ಕೊಟ್ಟು ಬಂದೆ.

ಇವತ್ತು ಅವಳು ಕೇಳಿದ್ದು ಒಂದೇ:
"ಕ್ಯಾಲೆಂಡರ್ ತಂದ್ರಾ, ಅಕ್ಕಾ?"

ಗೋಡೆಯ ಮೇಲೆ ಹಳೆಯದು ಇನ್ನೂ ಆಗಸ್ಟಿನಲ್ಲೇ ಇದೆ.
ಹಾಲಿನ ಲೆಕ್ಕ ಅವನ ಕೈಬರಹ, ಹದಿನಾಲ್ಕರ ತನಕ:
ಅರ್ಧ, ಅರ್ಧ, ಒಂದು, ಅರ್ಧ.
ಹತ್ತೊಂಬತ್ತರ ಚೌಕದಲ್ಲಿ ಪೆನ್ಸಿಲಿನಲ್ಲಿ
'ಆಯನೂರು ಮದುವೆ. ಅಡ್ವಾನ್ಸ್ ಬಂದಿದೆ.'

"ಇದನ್ನ ತೆಗೆಯಲ್ಲ ಕಣಕ್ಕ,
ಅದೇ ಮೊಳೆಗೆ, ಇದರ ಮೇಲೇ ಹಾಕ್ತೀನಿ."

ನನ್ನ ಮನೆಗೆಂದು ಎತ್ತಿಟ್ಟಿದ್ದ ಅರವತ್ತನೆಯದು ಅವಳಿಗೆ.
ಒಳಕೋಣೆಯಲ್ಲಿ ರೇಣುಕಾ ಅಪ್ಪನ ಟ್ರಂಪೆಟ್ ಕಲಿಯುತ್ತಿದ್ದಳು,
ಅಥವಾ ಯಾರದೋ ಎಮ್ಮೆ ಕರುವನ್ನು ಕರೆಯುತ್ತಿತ್ತು,
ಗೊತ್ತಾಗಲಿಲ್ಲ.
ಅವಳ ಉಸಿರಿಗೆ ಆಯಸ್ಸಿರಲಿ,
ಪಕ್ಕದ ಮನೆಯವರ ಕಿವಿಗೂ.

ಇರಲಿ, ಕತ್ತಲಾಯಿತು, ಇಷ್ಟು ಹೇಳಿ ಹೊರಡುತ್ತೇನೆ.
ಬರುವ ವರ್ಷವೂ ನನ್ನ ಹಾರನ್ನಿಗೆ ನೀವು ಅಡಗಬೇಕು.
ಟಿವಿ ಆರಿಸಿ, ಉಸಿರು ಬಿಗಿಹಿಡಿದು
(ಇದ್ದರೆ ತಾನೇ ಹಿಡಿಯುವುದು?)
ಮಗುವನ್ನು ಮುಂದೆ ದಬ್ಬಿ ಸುಳ್ಳು ಹೇಳಿಸಬೇಕು.
ನಾನು ಪೂರ್ತಿ ನಂಬಬೇಕು.
ಹೊಸ್ತಿಲಾಚೆ ಬಿಟ್ಟ ಚಪ್ಪಲಿ ಮೆಲ್ಲಗೆ ಎಣಿಸಿಕೊಂಡು,
ಹೋದ ಸಲ ಇದ್ದಷ್ಟೇ ಜೊತೆ ಇವೆ ಅಂತಾದ ಮೇಲೆ
"ಭದ್ರಾವತಿಯಿಂದ ಬಂದ್ರೆ ಹೇಳು ಪುಟ್ಟಾ,
ವಿಮೆ ಆಂಟಿ ಬಂದಿದ್ರು ಅಂತ"
ಎಂದು ಬರಿಗೈಯಲ್ಲಿ, ಖುಷಿಯಾಗಿ,
ಸ್ಕೂಟಿ ಒದ್ದು ಹೊರಡಬೇಕು.